ಧೂಮಸಾಕ್ಷಿ

ಯಂತ್ರದ ಗುಳಿಯೊಳಗೆ ಲಿಖಿತ್ ತೋರುಬೆರಳಿಟ್ಟ. ಇರುವೆ ಕಚ್ಚಿದಂತಾಯಿತು. ಒಂದು ಹನಿ ರಕ್ತ ಕೂದಲೆಳೆಯಷ್ಟು ಸಣ್ಣ ಗಾಜಿನ ನಾಳದಲ್ಲಿ ಏರಿ ಮರೆಯಾಯಿತು. ಬೆರಳಿಗೆ ಹತ್ತಿ ಒತ್ತಿಕೊಂಡು ಅವನು ಗಾಜಿನ ಗೋಡೆಯ ಆಚೆ ನೋಡುತ್ತ ನಿಂತ. ಅಲ್ಲಿ, ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ವಾರ್ಡಿನಲ್ಲಿ, ಅವನ ಮಗಳು ಮಲಗಿದ್ದಳು. ತೂಕ ಒಂದು ಕಿಲೋಗಿಂತ ತುಸು ಹೆಚ್ಚು. ಅತಿ ಚಿಕ್ಕ ಅಳತೆಯ ಟೋಪಿ ಕೂಡ ಅವಳ ಕಣ್ಣಿನ ಮೇಲೆ ಜಾರುತ್ತಿತ್ತು.

"ಸಿಗರೇಟು ಸೇದ್ತೀರಾ?" ಎಂದು ನರ್ಸ್ ಮೊದಲೇ ಕೇಳಿದ್ದಳು.

"ಬಿಟ್ಟು ವರ್ಷದ ಮೇಲಾಯ್ತು ಸಿಸ್ಟರ್" ಎಂದಿದ್ದ ಲಿಖಿತ್.

ಪರದೆಯ ಮೇಲೆ ಕೆಂಪು ಅಕ್ಷರಗಳು ಮೂಡಿದವು. ಧೂಮಪಾನಿ. ಕೊನೆಯ ಸೇವನೆ: ಇಂದು ಬೆಳಿಗ್ಗೆ.

ಲಿಖಿತನ ಮುಖ ಬಾಡಿತು. ಮೈಸೂರಿನಲ್ಲಿ ಬಸ್ಸು ಓಡಿಸುವ ಅವನಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. "ಒಂದೇ ಒಂದು ಸಿಸ್ಟರ್. ಮೌಲ್ಯಂಗೆ ಇನ್ನೂ ಪ್ರಜ್ಞೆ ಬಂದಿಲ್ಲ ಅಂದ್ರು. ತಡ್ಕೊಳ್ಳೋಕೆ ಆಗ್ಲಿಲ್ಲ" ಎಂದ. ಮೌಲ್ಯ ಅವನ ಹೆಂಡತಿ. ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿ ಪಕ್ಕದ ಕಟ್ಟಡದ ತೀವ್ರ ನಿಗಾ ಘಟಕದಲ್ಲಿದ್ದಳು.

ಯಂತ್ರದ ಪಕ್ಕದಲ್ಲಿ ನಿಂತಿದ್ದ ಅರವತ್ತರ ಹೆಂಗಸು ಮುಂದೆ ಬಂದರು. ಡಾಕ್ಟರ್ ಮೇಧಾ ಕೆದಿಲಾಯ. ಆ ಯಂತ್ರವನ್ನು ಕಂಡುಹಿಡಿದವರು ಅವರೇ. "ಸೇದುವವರ ಉಸಿರಲ್ಲಿ, ಚರ್ಮದಲ್ಲಿ, ಬಟ್ಟೆಯಲ್ಲಿ ಹೊಗೆಯ ವಿಷ ಉಳಿದಿರುತ್ತದೆ. ಇಷ್ಟು ಪುಟ್ಟ ಮಗುವಿಗೆ ಅದೇ ಸಾಕು. ಮೂರು ವಾರ ಬಿಟ್ಟಿರಿ. ಬಿಟ್ಟರೆ ಬಿಟ್ಟಿದ್ದೀರಿ ಅಂತಲೂ ಇದೇ ಯಂತ್ರ ಹೇಳುತ್ತದೆ" ಎಂದರು.

"ಅಲ್ಲಿವರೆಗೂ ಪಾಪೂನ ಯಾರು ಎತ್ಕೋತಾರೆ ಮೇಡಂ?"

ಉತ್ತರ ಗಾಜಿನ ಆಚೆ ಕಾಣಿಸಿತು. ಇಂಚರ ಎಂಬ ಹೆಂಗಸೊಬ್ಬಳು ಆರಾಮಕುರ್ಚಿಯಲ್ಲಿ ಒರಗಿ, ಮೇಲಂಗಿಯ ಗುಂಡಿ ಬಿಚ್ಚಿ, ನರ್ಸ್ ಕೊಟ್ಟ ಮಗುವನ್ನು ಬರಿಯ ಎದೆಗೆ ಕವುಚಿಕೊಂಡು ಮೇಲೆ ಹೊದಿಕೆ ಎಳೆದುಕೊಂಡಳು. ದಿನ ತುಂಬದ ಮಕ್ಕಳಿಗೆ ಗಾಜಿನ ಪೆಟ್ಟಿಗೆಯ ಶಾಖಕ್ಕಿಂತ ಮನುಷ್ಯರ ಮೈಶಾಖ ಹಿತ. ಎದೆಬಡಿತ ಕೇಳುತ್ತಿದ್ದರೆ ಅವು ಉಸಿರಾಡುವುದನ್ನು ಮರೆಯುವುದಿಲ್ಲ. ತಾಯಂದಿರಿಗೆ ಆಗದಿದ್ದಾಗ ಈ ಕೆಲಸ ಮಾಡಲೆಂದೇ ಆಸ್ಪತ್ರೆ ಕೆಲವು ಹೆಂಗಸರನ್ನು ನೇಮಿಸಿತ್ತು. ಎಲ್ಲರೂ ಅವರನ್ನು ಎದೆಯಮ್ಮ ಎನ್ನುತ್ತಿದ್ದರು. ಇಂಚರ ಅವರಲ್ಲಿ ಹಳಬಳು. ಬೆಳಿಗ್ಗೆಯಿಂದ ಕಿರಿಗುಟ್ಟುತ್ತಿದ್ದ ಮಗು ಅವಳ ಎದೆಯ ಮೇಲೆ ಒಮ್ಮೆ ಮೈಮುರಿದು, ಮುಷ್ಟಿ ಸಡಿಲಿಸಿ ನಿದ್ದೆಹೋಯಿತು. ಲಿಖಿತ್ ಗಾಜಿಗೆ ಹಣೆಯಿಟ್ಟು ಅಳತೊಡಗಿದ.

ಅದು ೨೦೬೧ನೆಯ ಇಸವಿ. ಧೂಮಸಾಕ್ಷಿ ಎಂಬ ಆ ಯಂತ್ರದ ಹೊಸ ಮಾದರಿ ಅಂದೇ ಆ ಹೆರಿಗೆ ಆಸ್ಪತ್ರೆಗೆ ಬಂದಿತ್ತು. ಹಳೆಯ ಪರೀಕ್ಷೆಗಳಿಗೆ ಹೊಗೆಯ ನೆನಪು ಕೆಲವೇ ದಿನ. ತಂಬಾಕಿನ ನಿಕೋಟಿನ್ ನಮ್ಮ ದೇಹದಲ್ಲಿ ಕೋಟಿನಿನ್ ಎಂಬ ವಸ್ತುವಾಗಿ ಮಾರ್ಪಡುತ್ತದೆ; ಅದನ್ನು ರಕ್ತದಲ್ಲೋ ಎಂಜಲಿನಲ್ಲೋ ಹುಡುಕಬಹುದು. ಆದರೆ ನಾಲ್ಕು ದಿನ ಸೇದದೆ ಇದ್ದವರಲ್ಲಿ ಅದು ಸಿಗುವುದಿಲ್ಲ. ಮೇಧಾ ಬೇರೆಡೆ ಹುಡುಕಿದರು. ನಮ್ಮ ಡಿಎನ್‌ಎ ಎಳೆಯ ಮೇಲೆ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ತುಣುಕುಗಳು ಅಲ್ಲಲ್ಲಿ ಅಂಟಿಕೊಂಡಿರುತ್ತವೆ. ಯಾವ ಜೀನನ್ನು ಓದಬೇಕು, ಯಾವುದನ್ನು ಬಿಡಬೇಕು ಎಂದು ಜೀವಕೋಶಕ್ಕೆ ತಿಳಿಸುವ ಗುರುತುಗಳು ಅವು. ಹೊಗೆ ಒಳಗೆ ಹೋದಾಗ ಕೆಲವು ಕಡೆ ಈ ತುಣುಕುಗಳು ಉದುರುತ್ತವೆ, ಕೆಲವು ಕಡೆ ಹೊಸದಾಗಿ ಅಂಟುತ್ತವೆ. ಸೇದುವುದನ್ನು ಬಿಟ್ಟು ದಶಕಗಳಾದರೂ ಆ ಬದಲಾವಣೆ ಪೂರ್ತಿ ಅಳಿಸುವುದಿಲ್ಲ. ವಯಸ್ಸಿನೊಡನೆ ತಾವಾಗಿ ಬದಲಾಗುವ ಬೇರೆ ಗುರುತುಗಳೊಡನೆ ಹೋಲಿಸಿ, ಹೊಗೆ ಯಾವ ವಯಸ್ಸಿನಲ್ಲಿ ಒಳಹೊಕ್ಕಿತು, ಯಾವಾಗ ನಿಂತಿತು ಎಂಬುದನ್ನೂ ಧೂಮಸಾಕ್ಷಿ ಹೇಳುತ್ತಿತ್ತು.

ಸೌದೆಯೊಲೆಯ ಮುಂದೆ ಅಡಿಗೆ ಮಾಡುವವರಲ್ಲೂ ಹೊಗೆಯ ಗುರುತು ಬೀಳುತ್ತದೆಂಬುದು ಮೇಧಾಗೆ ಗೊತ್ತಿತ್ತು. ಆದ್ದರಿಂದ ಸುಟ್ಟ ಹೊಗೆಯ ಗುರುತು, ನಿಕೋಟಿನ್ ಬಿಟ್ಟ ಗುರುತು ಎರಡೂ ಒಟ್ಟಿಗೆ ಕಂಡರೆ ಮಾತ್ರ ಧೂಮಪಾನಿ ಎನ್ನಬೇಕೆಂದು ಯಂತ್ರಕ್ಕೆ ಕಲಿಸಿದ್ದರು. ಸಾವಿರಾರು ಜನರ ಮೇಲೆ ಪ್ರಯೋಗಿಸಿದಾಗ ಯಂತ್ರ ಒಮ್ಮೆಯೂ ತಪ್ಪಿರಲಿಲ್ಲ.

ಈ ಹಟಕ್ಕೆ ಮನೆಯಲ್ಲೇ ಕಾರಣವಿತ್ತು. ಮೇಧಾರ ತಂದೆ ಉಡುಪಿಯಲ್ಲಿ ಮೇಷ್ಟರಾಗಿದ್ದವರು, ಸಿಗರೇಟಿನ ವಾಸನೆ ಮರೆಮಾಡಲು ಏಲಕ್ಕಿ ಅಗಿದುಕೊಂಡೇ ಮಗಳನ್ನು ಹತ್ತಿರ ಕರೆಯುತ್ತಿದ್ದರು. ಎದೆನೋವೆಂದು ಹೋದಾಗಲೂ ಡಾಕ್ಟರಿಗೆ, ತಾನು ಜನ್ಮದಲ್ಲಿ ಸೇದಿದವನಲ್ಲ ಎಂದರು. ಡಾಕ್ಟರು ನಂಬಿದರು. ಶ್ವಾಸಕೋಶದ ಗಡ್ಡೆ ಬೆಳಕಿಗೆ ಬರುವಷ್ಟರಲ್ಲಿ ತಡವಾಗಿತ್ತು. ಜನ ನಾಚಿಕೆಯಿಂದ ಸುಳ್ಳು ಹೇಳುತ್ತಾರೆ, ರಕ್ತಕ್ಕೆ ನಾಚಿಕೆಯಿಲ್ಲ ಎಂದು ಮೇಧಾ ತಮ್ಮ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದರು.

ಆ ದಿನ ಮಧ್ಯಾಹ್ನ ಸಿಬ್ಬಂದಿಯ ಪರೀಕ್ಷೆ ನಡೆಯಿತು. ನರ್ಸುಗಳು ಒಬ್ಬರನ್ನೊಬ್ಬರು ರೇಗಿಸುತ್ತ ಬೆರಳು ಕೊಟ್ಟರು. ಒಬ್ಬೊಬ್ಬರಿಗೂ ಹಸಿರು ಬಂತು. ಇಂಚರ ಕೊನೆಗೆ ಬಂದಳು.

ಧೂಮಪಾನಿ. ಹತ್ತನೆಯ ವಯಸ್ಸಿನಿಂದ ಹದಿನಾಲ್ಕನೆಯ ವಯಸ್ಸಿನವರೆಗೆ. ಪ್ರಮಾಣ: ಅಧಿಕ. ಈಗ ಇಲ್ಲ.

ನಗು ನಿಂತಿತು. ಇಂಚರ ಪರದೆಯನ್ನು ನೋಡಿದಳು, ಆಮೇಲೆ ತನ್ನ ಬೆರಳನ್ನು ನೋಡಿಕೊಂಡಳು. "ಇದು ನಂದಲ್ಲ ಮೇಡಂ" ಎಂದಳು.

ಇನ್ನೊಮ್ಮೆ ಪರೀಕ್ಷಿಸಿದರು. ಮತ್ತೆ ಅದೇ ಬಂತು.

"ಚಿಕ್ಕ ವಯಸ್ಸಲ್ಲಿ ಕದ್ದು ಸೇದಿದ್ದರೆ ಅದೇನು ದೊಡ್ಡ ಅಪರಾಧವಲ್ಲ" ಎಂದರು ಮೇಧಾ ಮೆಲ್ಲಗೆ.

"ನಾನು ಯಾವತ್ತೂ ಸೇದಿಲ್ಲ ಮೇಡಂ. ಬಾಯಿಗೇ ಇಟ್ಟಿಲ್ಲ."

ಆಸ್ಪತ್ರೆಯ ಮುಖ್ಯಸ್ಥ ಡಾಕ್ಟರ್ ರುದ್ರಪ್ರಸಾದ್ ಒಳ್ಳೆಯ ಮನುಷ್ಯ. ಅವಳನ್ನು ತಮ್ಮ ಕೋಣೆಗೆ ಕರೆದು ಕೂರಿಸಿ ಕಾಫಿ ತರಿಸಿದರು. "ನೋಡಮ್ಮ ಇಂಚರ, ಹಿಂದೆ ಸೇದಿ ಬಿಟ್ಟವರಿಗೆ ಇಲ್ಲಿ ಅಡ್ಡಿಯೇ ಇಲ್ಲ. ಕೆಲಸಕ್ಕೆ ಸೇರುವಾಗ ಯಾವತ್ತೂ ಸೇದಿಲ್ಲ ಅಂತ ಹೇಳಿದ್ದೀಯಲ್ಲ, ಅದು ತೊಡಕು. ಮಕ್ಕಳ ವಾರ್ಡಿನಲ್ಲಿ ಸುಳ್ಳು ಹೇಳಿದವರನ್ನ ಇಟ್ಟುಕೊಳ್ಳೋ ಹಾಗಿಲ್ಲ. ಒಂದು ಕಾಲದಲ್ಲಿ ಸೇದುತ್ತಿದ್ದೆ, ಹೇಳೋಕೆ ನಾಚಿಕೆಯಾಯ್ತು ಅಂತ ಎರಡು ಸಾಲು ಬರೆದುಕೊಡು. ನಾಳೆ ಬೆಳಿಗ್ಗೆ ಬಾ."

"ಸೇದಿಲ್ಲ ಸಾರ್."

"ಯಂತ್ರ ಸುಳ್ಳು ಹೇಳಲ್ಲವಮ್ಮ."

"ನಾನೂ ಹೇಳಲ್ಲ ಸಾರ್" ಎಂದು ಇಂಚರ ಎದ್ದಳು. ಕಾಫಿ ಹಾಗೇ ಉಳಿಯಿತು.

ಮರುದಿನದಿಂದ ಲಿಖಿತನ ಮಗಳನ್ನು ಬೇರೊಬ್ಬ ಎದೆಯಮ್ಮ ಎತ್ತಿಕೊಂಡಳು. ಎಳೆಯ ಮಕ್ಕಳು ಯಾರ ಎದೆಗಾದರೂ ಒಗ್ಗಿಕೊಳ್ಳುತ್ತವೆ, ಆದರೆ ಈ ಮಗು ಹಟಮಾರಿ. ಹಾಲು ಕಕ್ಕಿತು, ನಿದ್ದೆಯಲ್ಲಿ ಬೆಚ್ಚಿತು. ಏರುತ್ತಿದ್ದ ತೂಕ ಅಲ್ಲಿಗೇ ನಿಂತಿತು. ಸುದ್ದಿ ನರ್ಸೊಬ್ಬಳ ಮೂಲಕ ಇಂಚರಳ ಕಿವಿಗೆ ಬಿತ್ತು.

ಎರಡು ದಿನ ಬಿಟ್ಟು ಅವಳು ಮೇಧಾರ ಪ್ರಯೋಗಾಲಯದ ಬಾಗಿಲಲ್ಲಿ ನಿಂತಿದ್ದಳು. ರಿಂಗ್ ರಸ್ತೆಯ ಆಚೆಗಿದ್ದ ಆ ಕಟ್ಟಡಕ್ಕೆ ಬಿಸಿಲಲ್ಲಿ ನಡೆದೇ ಬಂದಿದ್ದಳು. ಮೇಧಾ ಅವಳನ್ನು ಒಳಕ್ಕೆ ಕರೆದು ನೀರು ಕೊಟ್ಟರು.

"ಬರ್ದುಕೊಡ್ತೀನಿ ಮೇಡಂ" ಎಂದಳು ಇಂಚರ.

"ಏನನ್ನು?"

"ಸೇದ್ತಿದ್ದೆ ಅಂತ. ನೀವು ಹೇಳ್ದಂಗೇ ಬರೀತೀನಿ. ಹತ್ತು ವರ್ಷಕ್ಕೆ ಶುರು ಮಾಡ್ದೆ, ಹದಿನಾಲ್ಕಕ್ಕೆ ಬಿಟ್ಟೆ. ಬೀಡಿ ಅಂತ ಬರೀಲಾ, ಸಿಗರೇಟು ಅಂತ ಬರೀಲಾ, ಅದನ್ನೊಂದು ಹೇಳಿ." ಅವಳು ನೀರಿನ ಲೋಟವನ್ನು ಮೇಜಿನ ಮೇಲಿಟ್ಟಳು. "ಆ ಮಗು ಹಾಲು ಕಕ್ತಾ ಇದ್ಯಂತೆ. ಅದರ ಅಮ್ಮ ಇನ್ನೂ ಎದ್ದು ಕೂತಿಲ್ಲ. ಸುಳ್ಳಿ ಅನ್ನಿಸ್ಕೊಂಡ್ರೆ ಅನ್ನಿಸ್ಕೋತೀನಿ ಬಿಡಿ."

ಮೇಧಾ ಅವಳನ್ನೇ ನೋಡಿದರು. ಮೂವತ್ತು ವರ್ಷ ಅವರು ನಿಜವನ್ನು ಮುಚ್ಚಿಡುವ ಜನರನ್ನು ಕಂಡಿದ್ದರು. ಸೇದಿ ಸೇದಿಲ್ಲವೆಂದವರು ಎಷ್ಟೋ ಮಂದಿ. ಸೇದದೆ ಸೇದಿದೆನೆನ್ನಲು ಬಿಸಿಲಲ್ಲಿ ನಡೆದು ಬಂದವಳನ್ನು ನೋಡುತ್ತಿದ್ದುದು ಇದೇ ಮೊದಲು. ಬೀಡಿಯೋ ಸಿಗರೇಟೋ ಎಂದು ತಮ್ಮನ್ನೇ ಕೇಳುತ್ತಿದ್ದಾಳೆ!

"ಏನೂ ಬರೆಯಬೇಡಿ" ಎಂದರು. "ನೀವು ಹುಟ್ಟಿ ಬೆಳೆದದ್ದು ಎಲ್ಲಿ?"

"ಹುಣಸೂರಿನ ಕಡೆ ಮೇಡಂ, ಒಂದು ಸಣ್ಣ ಹಳ್ಳಿ. ನಂಗೆ ಹದಿನಾಲ್ಕಾದಾಗ ನಮ್ಮವ್ವ ನನ್ನ ಕರ್ಕೊಂಡು ಮೈಸೂರಿಗೆ ಬಂದ್ಬಿಡ್ತು."

ಹದಿನಾಲ್ಕು. ಯಂತ್ರ ಹೇಳಿದ ವಯಸ್ಸು.

"ನಿಮ್ಮ ತಾಯಿಯವರನ್ನ ನೋಡಬಹುದಾ?" ಎಂದು ಮೇಧಾ ಕೇಳಿದರು.

ಇಂಚರಳ ತಾಯಿ ಲತಾಮಣಿ ಮೇಧಾರ ವಾರಿಗೆಯವರು. ನೋಡಿದರೆ ಹತ್ತು ವರ್ಷ ಹಿರಿಯರಂತೆ ಕಾಣುತ್ತಿದ್ದರು. ಮಾತಿನ ನಡುವೆ ಉಸಿರಿಗಾಗಿ ನಿಲ್ಲುವ ಅಭ್ಯಾಸ. ಮಗಳ ಆಸ್ಪತ್ರೆಯಿಂದ ಡಾಕ್ಟರು ಬಂದಿದ್ದಾರೆಂದು ಅವಸರದಲ್ಲಿ ಸೆರಗು ಸರಿಮಾಡಿಕೊಂಡು, ಒಬ್ಬಟ್ಟು ಬೇಕಾದರೆ ಈಗಲೇ ತಟ್ಟುತ್ತೇನೆಂದರು. ಮೇಧಾ ನಕ್ಕು ಬೇಡವೆಂದು, ಊರಿನಲ್ಲಿ ಏನು ಕೆಲಸ ಮಾಡುತ್ತಿದ್ದಿರಿ ಎಂದು ಕೇಳಿದರು.

"ಇನ್ನೇನವ್ವ, ಹೊಗೆಸೊಪ್ಪು. ನಮ್ಮ ಕಡೆ ಆಗ ಎತ್ತ ನೋಡುದ್ರೂ ಹೊಗೆಸೊಪ್ಪೇಯ" ಎಂದರು ಲತಾಮಣಿ. "ಗಂಡ ಬಿಟ್ಟೋದ ಮ್ಯಾಲೆ ಒಬ್ರ ತೋಟದಾಗೇ ಇದ್ದೆ. ಬೆಳಗ್ಗೆ ಇಬ್ಬನೀಲಿ ಸೊಪ್ಪು ಮುರಿಯಾದು. ಆಮ್ಯಾಕೆ ಕಡ್ಡಿಗೆ ಕಟ್ಟಾದು. ಬ್ಯಾರನ್ ಅಂತ ಕಟ್ಟಿರ್ತಾರಲ್ಲ, ಸೊಪ್ಪು ಬೇಯ್ಸೋ ಮನೆ, ಅದುಕ್ಕೆ ತುಂಬಾದು. ತುಂಬುದ್ ಮ್ಯಾಲೆ ಒಲೆ ಕಾಯಾದು ನಂದೇ ಕೆಲ್ಸ. ಬೆಂಕಿ ವಸಿ ಕಮ್ಮಿ ಆದ್ರೂ ಸೊಪ್ಪೆಲ್ಲ ಕಪ್ಪಾಗೋಯ್ತದೆ. ಹಗಲೂ ರಾತ್ರಿ ಸೌದೆ ಒಟ್ತಾನೇ ಇರ್ಬೇಕು. ಹೊಗೆ ಅಂದ್ರೆ ಹೊಗೆ ಕಣವ್ವ, ಕಣ್ಣು ಬಿಡಕಾಯ್ತಿರ್ಲಿಲ್ಲ."

ಮೇಧಾ ಮುಂದಕ್ಕೆ ಬಾಗಿದರು. "ಸೊಪ್ಪು ಮುರಿಯುವಾಗ ಮೈಗೆ ಅಂಟುತ್ತಿತ್ತಾ?"

"ಅಂಟದೆ? ಕೈಯೆಲ್ಲ ಗೋಂದು ಹಚ್ದಂಗೆ. ಸೀರೆ ನೆಂದು ಬೆನ್ನಿಗೆ ಮೆತ್ಕೊಳ್ಳಾದು. ಒಂದೊಂದು ದಿನ ತಲೆ ಗಿರ್ರಂತ ತಿರುಗಿ ವಾಂತಿ ಬರಾದು. ಇವ್ಳು ಹೊಟ್ಟೇಲಿದ್ದಾಗ ಬಲೇ ವಾಂತಿ. ಬಸುರಿ ವಾಂತಿ ಅಂದ್ಕೊಂಡು ನಿಂಬೆಹಣ್ಣು ನೆಕ್ಕಂಡು ಕೆಲ್ಸುಕ್ಕೋಗ್ತಿದ್ದೆ."

ಅದು ಬಸುರಿನ ವಾಂತಿಯಾಗಿರಲಿಲ್ಲ. ಒದ್ದೆ ಎಲೆಯ ನಿಕೋಟಿನ್ ಚರ್ಮದ ಮೂಲಕವೇ ರಕ್ತಕ್ಕಿಳಿಯುತ್ತದೆ. ಇಡೀ ದಿನ ಸೊಪ್ಪು ಮುರಿದವರ ಮೈಯಲ್ಲಿ ಸೇದುವವರಷ್ಟೇ ನಿಕೋಟಿನ್ ಸಿಗುತ್ತದೆ. ಒಂದು ಕಡೆ ಎಲೆಯಿಂದ ನಿಕೋಟಿನ್, ಇನ್ನೊಂದು ಕಡೆ ಒಲೆಯಿಂದ ಹೊಗೆ. ಎರಡು ಗುರುತೂ ಒಟ್ಟಿಗಿದ್ದರೆ ಧೂಮಪಾನಿ ಎಂದು ಯಂತ್ರಕ್ಕೆ ಕಲಿಸುವಾಗ, ಸಿಗರೇಟಿಲ್ಲದೆ ಇವೆರಡೂ ಒಂದೇ ಮೈಯಲ್ಲಿ ಸೇರುವ ಜಾಗವೊಂದು ಮೈಸೂರಿನ ಪಕ್ಕದಲ್ಲೇ ಇದೆಯೆಂದು ಮೇಧಾಗೆ ಹೊಳೆದಿರಲಿಲ್ಲ.

"ಇಂಚರ ಹುಟ್ಟಿದ ಮೇಲೆ?"

"ಇಷ್ಟೇ ಇಷ್ಟಿದ್ಲು ಹುಟ್ದಾಗ" ಎಂದು ಲತಾಮಣಿ ಎರಡು ಅಂಗೈ ಜೋಡಿಸಿ ತೋರಿಸಿದರು. "ಉಳಿಯಾದಿಲ್ಲ ಅಂದ್ರು ಎಲ್ರೂವೆ. ಮುಂದುಲ್ ವರ್ಸ ಒಲೆ ಹಚ್ಚುದಾಗ ಬ್ಯಾರನ್ ಗೋಡೆ ಮಗ್ಗುಲಲ್ಲೇ ಜೋಲಿ ಕಟ್ಟುದೆ, ಬೆಚ್ಚುಗಿರ್ಲಿ ಅಂತವ. ಅಲ್ಲೇ ಆಡಿ ಅಲ್ಲೇ ಬೆಳುದ್ಲು. ದೊಡ್ಡೋಳಾದಂಗೆ ನನ್ ಜೊತೇಲೇ ಸೊಪ್ಪು ಕಟ್ಟೋಳು."

ಮೇಧಾ ಕೈಚೀಲದಿಂದ ಯಂತ್ರದ ಪುಟ್ಟ ಪರದೆಯನ್ನು ತೆಗೆದರು. ಹತ್ತು ವರ್ಷಕ್ಕಿಂತ ಚಿಕ್ಕ ಮಕ್ಕಳು ಸೇದುವುದಿಲ್ಲ, ಆದ್ದರಿಂದ ಅದಕ್ಕೆ ಹಿಂದಿನ ಗುರುತನ್ನು ಲೆಕ್ಕಿಸಬೇಡ ಎಂಬ ಒಂದು ಮಿತಿಯನ್ನು ಯಂತ್ರಕ್ಕೆ ಹಾಕಿದ್ದರು. ಮಿತಿ ಹಾಕಿದವರು ಅವರೇ. ಈಗ ಅದನ್ನು ತೆಗೆದು, ಇಂಚರಳ ರಕ್ತದ ಫಲಿತಾಂಶವನ್ನು ಮತ್ತೆ ಲೆಕ್ಕಕ್ಕೆ ಕೊಟ್ಟರು. ಆರಂಭದ ಅಂಕಿ ಹತ್ತರಿಂದ ಇಳಿಯತೊಡಗಿತು. ಆರು. ಮೂರು. ಒಂದು. ಸೊನ್ನೆಯಲ್ಲಿ ನಿಲ್ಲುತ್ತದೆಂದು ಮೇಧಾ ಕಾದರು. ನಿಲ್ಲಲಿಲ್ಲ.

ಆರಂಭ: ಜನನಕ್ಕೆ ಮುಂಚೆ. ಗರ್ಭದ ಐದನೆಯ ತಿಂಗಳ ಸುಮಾರು.

ಮೇಧಾ ಅದನ್ನು ತಾಯಿ ಮಗಳಿಬ್ಬರಿಗೂ ನಿಧಾನವಾಗಿ ಬಿಡಿಸಿ ಹೇಳಿದರು. ಇಂಚರ ಸೇದಿಲ್ಲವೆಂಬುದು ನಿಜ, ಯಂತ್ರ ಕಂಡ ಗುರುತೂ ನಿಜ. ಆ ಗುರುತು ಬ್ಯಾರನ್ನಿನದು.

ಲತಾಮಣಿ ಕೇಳುತ್ತ ಕೇಳುತ್ತ ಸಣ್ಣಗಾದರು. "ಅಂದ್ರೆ ನಾನೇ ಕುಡ್ಸಿದ್ನಾ ಅವ್ವ, ನನ್ ಮಗೀಗೆ ಹೊಗೆಯ?" ಎಂದರು.

"ನಿಮಗೆ ಯಾರೂ ಹೇಳಿರಲಿಲ್ಲ ಅಮ್ಮ" ಎಂದರು ಮೇಧಾ. ಅದು ಸಾಲದೆಂದು ಅವರಿಗೇ ಅನ್ನಿಸಿತು.

ಇಂಚರ ಎದ್ದು ಬಂದು ತಾಯಿಯ ಪಕ್ಕದಲ್ಲಿ ನೆಲದ ಮೇಲೆ ಕೂತಳು. "ನೀನು ಜೋಲಿ ಕಟ್ಟಿ ಬೆಚ್ಚಗಿಡ್ದೇ ಹೋಗಿದ್ರೆ ನಾನೆಲ್ಲಿ ಉಳೀತಿದ್ದೆ ಅವ್ವ? ಅಷ್ಟು ಗಾತ್ರದ ಮಕ್ಕಳನ್ನ ನಾನು ದಿನಾ ನೋಡ್ತೀನಲ್ಲ, ನಂಗೊತ್ತಿಲ್ವಾ?" ಎಂದಳು. ಲತಾಮಣಿಗೆ ಅಳು ಬಂದು, ಅದರ ಹಿಂದೆಯೇ ಕೆಮ್ಮು ಬಂತು. ಇಂಚರ ತಾಯಿಯ ತಲೆಯನ್ನು ಎಳೆದು ತನ್ನ ಎದೆಗೆ ಒರಗಿಸಿಕೊಂಡು, ಒಂದು ಅಂಗೈಯನ್ನು ಬೆನ್ನ ಮೇಲೆ ಹರವಿ ಸುಮ್ಮನೆ ಕೂತಳು. ಕೆಮ್ಮು ಇಳಿಯಿತು. ಉಸಿರು ನೆಟ್ಟಗಾಯಿತು. ಮೇಧಾ ಕಿಟಕಿಯ ಕಡೆ ತಿರುಗಿದರು.

ಹೊರಡುವಾಗ ಅವರು ಲತಾಮಣಿಯ ಬೆರಳಿನಿಂದಲೂ ಒಂದು ಹನಿ ರಕ್ತ ತೆಗೆದುಕೊಂಡರು. ಆ ವಾರವೇ ಇಬ್ಬರಿಗೂ ಶ್ವಾಸಕೋಶದ ತಪಾಸಣೆ ಮಾಡಿಸಿದರು. ಇಂಚರಳಿಗೆ ಏನೂ ಇರಲಿಲ್ಲ. ವರ್ಷಕ್ಕೊಮ್ಮೆ ತೋರಿಸಿಕೊಂಡರೆ ಸಾಕೆಂದರು. ಲತಾಮಣಿಯ ಎಡ ಶ್ವಾಸಕೋಶದಲ್ಲಿ ಬಟಾಣಿ ಗಾತ್ರದ ಗಂಟೊಂದು ಸಿಕ್ಕಿತು. ಇನ್ನೂ ಎಲ್ಲಿಗೂ ಹರಡಿರಲಿಲ್ಲ. ಎಂದೂ ಸೇದದ ಹೆಂಗಸಿನಲ್ಲಿ ಅದನ್ನು ಯಾರೂ ಹುಡುಕುತ್ತಿರಲಿಲ್ಲ. ಯಂತ್ರ ತಪ್ಪು ಹೆಸರು ಹಿಡಿದು ಕೂಗಿದ್ದರಿಂದ ಮೂಲ ಹುಡುಕುತ್ತ ಹೋಗಿ ಅದು ಸಿಕ್ಕಿತು. ಆ ಕಾಲಕ್ಕೆ ಅಂಥ ಗಂಟನ್ನು ಸೂಜಿಯ ತುದಿಯಿಂದ ಸುಟ್ಟು ತೆಗೆಯುವುದು ಒಂದು ಮಧ್ಯಾಹ್ನದ ಕೆಲಸ. ಲತಾಮಣಿ ಸಂಜೆಗೆ ಮನೆಗೆ ಬಂದು, ಆಸ್ಪತ್ರೆಯ ಸಾರಿಗೆ ಉಪ್ಪಿಲ್ಲವೆಂದು ದೂರಿದರು.

ಇಂಚರ ವಾರ್ಡಿಗೆ ಮರಳಿದ ದಿನ ಡಾಕ್ಟರ್ ರುದ್ರಪ್ರಸಾದ್ ಬಾಗಿಲಲ್ಲೇ ಕಾದಿದ್ದರು. "ನಿನ್ನ ಮಾತು ನಂಬಬೇಕಾಗಿತ್ತಮ್ಮ" ಎಂದು ಎಲ್ಲರ ಮುಂದೆ ಹೇಳಿದರು. ಇಂಚರ ತಲೆಯಾಡಿಸಿ, ಕೈ ತೊಳೆದುಕೊಂಡು ಕುರ್ಚಿಯಲ್ಲಿ ಒರಗಿದಳು. ಹಟಮಾರಿ ಮಗು ಒಂದಿಷ್ಟು ಹೊತ್ತು ಅತ್ತು ಆಮೇಲೆ ಕತ್ತಿನ ಹತ್ತಿರ ಮೂಗು ತೂರಿಸಿ ಸುಮ್ಮನಾಯಿತು.

ಮೂರು ವಾರ ತುಂಬಿದ ಮೇಲೆ ಲಿಖಿತ್ ಬಂದ. ಬೆರಳು ಗುಳಿಯಲ್ಲಿಡುವಾಗ ಕಣ್ಣು ಮುಚ್ಚಿಕೊಂಡಿದ್ದ. ಸೇವನೆ ನಿಂತಿದೆ ಎಂದು ಹಸಿರಲ್ಲಿ ಬಂದಾಗ ನರ್ಸುಗಳೇ ಚಪ್ಪಾಳೆ ತಟ್ಟಿದರು. ಇಂಚರ ಅವನಿಗೆ ಒರಗುವುದನ್ನು, ಮಗುವಿನ ತಲೆ ಒಂದು ಬದಿಗಿರಬೇಕೆಂಬುದನ್ನು, ಕಾಲುಗಳನ್ನು ಕಪ್ಪೆಯ ಹಾಗೆ ಮಡಿಸುವುದನ್ನು ತೋರಿಸಿಕೊಟ್ಟಳು. "ಉಸ್ರು ಬಿಗಿಹಿಡೀಬೇಡಿ. ನೀವು ಆಡಿದಂಗೆ ಅದೂ ಉಸಿರಾಡತ್ತೆ" ಎಂದಳು. ಲಿಖಿತ್ ಉಸಿರು ಬಿಟ್ಟ. ಮಗಳ ಬೆನ್ನು ಅವನ ಅಂಗೈಗಿಂತ ಚಿಕ್ಕದಾಗಿತ್ತು.

ಸ್ವಲ್ಪ ಹೊತ್ತಾದ ಮೇಲೆ ಮೇಧಾ ಅವನ ಹತ್ತಿರ ಬಂದು ಕೂತರು. ಹುಟ್ಟಿದಾಗ ತೆಗೆದಿಟ್ಟ ಹೊಕ್ಕುಳಬಳ್ಳಿಯ ರಕ್ತವನ್ನು ಹೊಸ ಲೆಕ್ಕದಲ್ಲಿ ಪರೀಕ್ಷಿಸಲು ಅಪ್ಪ ಅಮ್ಮನ ಒಪ್ಪಿಗೆ ಬೇಕಿತ್ತು. ಎಚ್ಚರಗೊಂಡಿದ್ದ ಮೌಲ್ಯ ಆಗಲೇ ಒಪ್ಪಿದ್ದಳು. ಲಿಖಿತನೂ ಒಪ್ಪಿದ. ಫಲಿತಾಂಶ ಬಂದಾಗ ಮೇಧಾ ಅದನ್ನು ಅವನಿಂದ ಮುಚ್ಚಿಡಲಿಲ್ಲ. ಮಗುವಿನಲ್ಲಿ ಗುರುತಿತ್ತು, ತೆಳುವಾಗಿ, ಅವಳು ಹುಟ್ಟಿದ ಏಳನೆಯ ತಿಂಗಳವರೆಗೂ.

"ನಾನು ಬಾಲ್ಕನೀಲಿ ನಿಂತ್ಕೊಂಡೇ ಸೇದ್ತಿದ್ದೆ ಮೇಡಂ" ಎಂದ ಲಿಖಿತ್. "ಬಾಗಿಲು ಹಾಕ್ಕೊಂಡು."

"ಹೊಗೆ ಬಾಗಿಲಿನ ಸಂದಿಯಲ್ಲಿ ಬರುತ್ತದೆ. ನಿಮ್ಮ ಅಂಗಿಯಲ್ಲಿ ಬರುತ್ತದೆ."

"ಇದು ಹೋಗುತ್ತಾ?"

"ಮಸುಕಾಗುತ್ತದೆ. ಪೂರ್ತಿ ಹೋಗುವುದಿಲ್ಲ. ಗುರುತು ಇದ್ದ ಮಾತ್ರಕ್ಕೆ ಕಾಯಿಲೆಯೇನಲ್ಲ, ಚೆನ್ನಾಗಿ ನೋಡಿಕೊಳ್ಳಿ."

ಲಿಖಿತ್ ಮಗಳ ಟೋಪಿಯನ್ನು ಸರಿಮಾಡಿದ. "ಇವಳು ದೊಡ್ಡವಳಾಗಿ ಎಲ್ಲೋ ಕೆಲಸಕ್ಕೆ ಹೋಗಿ ಬೆರಳು ಕೊಟ್ರೆ, ನಿಮ್ಮ ಯಂತ್ರ ಇವಳನ್ನ ಏನಂತ ಕರೆಯುತ್ತೆ ಮೇಡಂ?" ಎಂದು ಕೇಳಿದ.

ಆ ಪ್ರಶ್ನೆಯನ್ನು ಮೇಧಾ ಬೆಂಗಳೂರಿಗೆ ಕೊಂಡೊಯ್ದರು. ಸರ್ಕಾರಿ ನೇಮಕಕ್ಕೆ, ವಿಮೆಗೆ, ಶಿಕ್ಷಕರ ಆಯ್ಕೆಗೆ ಧೂಮಸಾಕ್ಷಿಯನ್ನು ಕಡ್ಡಾಯ ಮಾಡಬೇಕೇ ಎಂಬುದನ್ನು ನಿರ್ಧರಿಸಲು ಅಲ್ಲೊಂದು ಸಮಿತಿ ಕೂತಿತ್ತು. ಯಂತ್ರವನ್ನು ಹೊಗಳಲೆಂದೇ ಅವರನ್ನು ಕರೆಸಿದ್ದರು. ಮೇಧಾ ಒಪ್ಪಿಗೆ ಪಡೆದು ತಂದಿದ್ದ ಮೂವರ ಫಲಿತಾಂಶಗಳನ್ನು, ಹೆಸರು ವಯಸ್ಸು ಮರೆಮಾಡಿ, ಗೋಡೆಯ ಮೇಲೆ ತೋರಿಸಿದರು. ಹೊಗೆಯ ಗುರುತಿನ ಮೂರು ಗೆರೆಗಳು: ಒಂದು ದಟ್ಟ, ಎರಡು ತೆಳು.

"ಇವರಲ್ಲಿ ಸಿಗರೇಟು ಸೇದಿದವರು ಒಬ್ಬರೇ. ಯಾರು, ಹೇಳಿ" ಎಂದರು.

ಎಲ್ಲರೂ ದಟ್ಟ ಗೆರೆಯನ್ನು ತೋರಿಸಿದರು. ಅಧ್ಯಕ್ಷರು ಇದರಲ್ಲೇನು ಸಂದೇಹ ಎಂದು ನಕ್ಕರು.

"ಅದು ಮಕ್ಕಳನ್ನು ಎದೆಗೊತ್ತಿ ಬದುಕಿಸುವ ಒಬ್ಬ ಹೆಂಗಸಿನದು. ಅವರು ಸೇದಿಲ್ಲ. ಅವರ ತಾಯಿ ನಿಮಗೂ ನಮಗೂ ಗೊತ್ತಿರುವ ಒಂದು ಬೆಳೆಯ ಒಲೆ ಕಾದವರು" ಎಂದರು ಮೇಧಾ. "ಎರಡನೆಯದು ಒಂದು ಕೂಸಿನದು. ಇನ್ನೂ ಹಾಲು ಚೀಪಲು ಬರುವುದಿಲ್ಲ. ಮೂರನೆಯದು ಅದರ ಅಪ್ಪನದು, ದಿನಕ್ಕೆ ಒಂದೆರಡು ಸೇದುತ್ತಿದ್ದವರು ಅವರು. ಒಳ್ಳೆಯ ಹುಡುಗ, ಈಗ ಬಿಟ್ಟಿದ್ದಾರೆ. ಹೊಗೆ ಒಳಗೆ ಹೋಗಿದೆ ಅಂತ ನನ್ನ ಯಂತ್ರ ಹೇಳಬಲ್ಲದು. ಆ ಬೆಂಕಿ ಹಚ್ಚಿದವರು ಯಾರು ಅಂತ ಅದಕ್ಕೆ ಗೊತ್ತಿಲ್ಲ. ಗೊತ್ತಿದೆ ಅಂತ ನಾನು ಅಂದುಕೊಂಡಿದ್ದೆ."

ಕಡ್ಡಾಯದ ಆದೇಶ ಅಂದು ಹೊರಡಲಿಲ್ಲ. ಮೇಧಾ ಹಿಂತಿರುಗಿ, ಯಂತ್ರದಿಂದ ಧೂಮಪಾನಿ ಎಂಬ ಪದವನ್ನೇ ತೆಗೆದುಹಾಕಿದರು. ಇಂಥ ವಯಸ್ಸಿನಲ್ಲಿ ಹೊಗೆ ತಾಗಿದೆ, ಎಲ್ಲಿಂದ ಎಂದು ವಿಚಾರಿಸಿ, ಶ್ವಾಸಕೋಶದ ತಪಾಸಣೆ ಮಾಡಿಸಿ ಎಂದು ಬರೆಯುವಂತೆ ಮಾಡಿದರು. ವಾಕ್ಯ ಉದ್ದವಾಯಿತೆಂದು ಶಿಷ್ಯರು ಗೊಣಗಿದರು.

ಮಾರನೆಯ ವರ್ಷ ಮೇಧಾರೊಡನೆ ಧೂಮಸಾಕ್ಷಿ ಹುಣಸೂರು, ಪಿರಿಯಾಪಟ್ಟಣದ ಹಳ್ಳಿಗಳಿಗೆ ಹೋಯಿತು. ಅಲ್ಲಿನ ಬ್ಯಾರನ್‌ಗಳಲ್ಲಿ ಹೆಚ್ಚಿನವು ಮುಚ್ಚಿ, ಗೋಡೆಗಳಷ್ಟೇ ನಿಂತಿದ್ದವು. ಆದರೆ ಅವುಗಳ ಮುಂದೆ ಕೂತಿದ್ದವರು, ಅವರ ಮಕ್ಕಳು, ಊರಲ್ಲಿದ್ದರು. ಲತಾಮಣಿ ತಾವೂ ಬರುತ್ತೇನೆಂದು ಹಟ ಹಿಡಿದು ಗಾಡಿ ಹತ್ತಿದ್ದರು. ಹಿಂಜರಿಯುತ್ತಿದ್ದ ಹೆಂಗಸರಿಗೆ, "ಯಾಕ್ ನಾಚ್ಕತೀಯೆ, ಬೆಳ್ಳು ಕೊಡೆ, ನಿಂಗೇನು ಮದ್ವೆ ಉಂಗ್ರ ಹಾಕಲ್ಲ" ಎಂದು ನಗಿಸಿ ಕರೆತರುತ್ತಿದ್ದರು. ಸಂಜೆಯ ಹೊತ್ತಿಗೆ ಹಲವರನ್ನು ಮೈಸೂರಿನ ತಪಾಸಣೆಗೆ ಬರೆದುಕೊಟ್ಟಾಗಿತ್ತು.

ವಾಪಸು ಬರುವಾಗ ದಾರಿಯ ಬದಿ ಪಾಳು ಬ್ಯಾರನ್ನೊಂದು ಕಂಡಿತು. ಲತಾಮಣಿ ಗಾಡಿ ನಿಲ್ಲಿಸಲು ಹೇಳಿ ಇಳಿದರು. ಒಲೆಯ ಬಾಯಿಗೆ ಹುಲ್ಲು ಬೆಳೆದಿತ್ತು. ಅದನ್ನು ನೋಡುತ್ತ ನಿಂತು ಅವರು ಕೇಳಿದರು:

"ಒಂದು ಮಾತು ಕೇಳ್ತೀನಿ ಕಣವ್ವ. ನಾನು ಬಸುರೀಲಿ ಒಲೆ ಮುಂದೆ ಕುಂತಿದ್ನಲ್ಲ, ಆವಾಗ ಇದೆಲ್ಲ ಯಾರಿಗೂ ತಿಳೀದಾ? ಹೊಗೆ ಹೊಟ್ಟೇಲಿರೋ ಮಗೀಗೂ ಓಯ್ತದೆ ಅಂತವ?"

ಮೇಧಾ ಸುಳ್ಳು ಹೇಳಬಹುದಿತ್ತು. "ತಿಳಿದಿತ್ತು ಅಮ್ಮ" ಎಂದರು. "ರಕ್ತದಲ್ಲಿ ಗುರುತು ಬೀಳುತ್ತದೆ ಅಂತಲೂ ತಿಳಿದಿತ್ತು. ಒದ್ದೆ ಸೊಪ್ಪಿನ ಕಾಯಿಲೆಯೂ ತಿಳಿದಿತ್ತು. ಪುಸ್ತಕಗಳಲ್ಲಿ ಬರೆದಿತ್ತು. ನಾನು ಆಗ ಕಾಲೇಜಿನಲ್ಲಿ ಅದನ್ನೇ ಓದುತ್ತಿದ್ದೆ."

"ಎಲ್ಲಿ ಓದ್ತಿದ್ರಿ?"

"ಮೈಸೂರಲ್ಲೇ."

ಲತಾಮಣಿ ತಲೆಯಾಡಿಸಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. "ವಸಿ ದೂರಾನೇ, ಬಸ್ಸಲ್ಲಿ ಬಂದ್ರೆ ಒಂದ್ ಗಂಟೆ" ಎಂದು ತಮಗೇ ಹೇಳಿಕೊಂಡಂತೆ ಹೇಳಿ, ಗಾಡಿಯ ಕಡೆ ನಡೆದರು.

ಇಂಚರಳ ರಕ್ತದಲ್ಲಿ ಮೊದಲ ಗುರುತು ಬಿದ್ದ ಸಮಯವನ್ನು ಮೇಧಾ ಆಮೇಲೆ ಪಂಚಾಂಗದೊಡನೆ ಹೊಂದಿಸಿ ನೋಡಿದರು. ಅದು ೨೦೨೬ರ ಶ್ರಾವಣ. ಸಿಗರೇಟಿನ ಪೊಟ್ಟಣಗಳ ಮೇಲೆ ಎಚ್ಚರಿಕೆಯ ಚಿತ್ರ ಅಚ್ಚಾಗುತ್ತಿತ್ತು. ಹುಣಸೂರಿನ ಹೊಲಗಳಲ್ಲಿ ಸೊಪ್ಪು ಮುರಿಯುತ್ತಿದ್ದರು. ಇಪ್ಪತ್ತೈದರ ಒಬ್ಬ ಹೆಂಗಸು ಒಲೆಯ ಬಾಯಿಗೆ ಸೌದೆ ತಳ್ಳಿ, ಸೆರಗಿನಿಂದ ಕಣ್ಣೊರೆಸಿಕೊಂಡು ಹಿಂದಕ್ಕೆ ಒರಗುತ್ತಾಳೆ. ಹೊಟ್ಟೆಯೊಳಗೆ ಕೂಸು ಮೊದಲ ಸಲ ಮಿಸುಕುತ್ತದೆ. ಅವಳು ಒಬ್ಬಳೇ ನಗುತ್ತಾಳೆ, ಅಂಟು ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಳ್ಳುತ್ತಾಳೆ. ಬೆಂಕಿ ಕಡಿಮೆಯಾಗುತ್ತಿದೆಯೆಂದು ಇನ್ನೊಂದು ಸೌದೆಗೆ ಕೈ ಚಾಚುತ್ತಾಳೆ. ಅವಳ ಹತ್ತಿರ ಹೋಗಿ ಕೂತು ಒಂದು ಮಾತು ಹೇಳಲು ಆಗ ಇನ್ನೂ ಸಮಯವಿತ್ತು.